ಹೊಸ ಲ್ಯಾಪ್‌ಟಾಪ್ ಸ್ಕ್ರೀನ್ ಮೇಲೆ ಹಳೇ ಚಿತ್ರದ ನೆರಳು: ಇಟ್ಕೋಬೇಕಾ, ವಾಪಸ್ ಕೊಡ್ಬೇಕಾ?

ಇವತ್ತಿನ ವಿಷಯ ಮೇಲ್ನೋಟಕ್ಕೆ ಸಣ್ಣದು. ಆದರೆ ಐವತ್ತು-ಅರವತ್ತು ಸಾವಿರ ಕೊಟ್ಟು, ಅದೂ ಎಷ್ಟೋ ಮನೆಗಳಲ್ಲಿ ಕಂತಿನ ಮೇಲೆ, ಮಗನಿಗೋ ಮಗಳಿಗೋ ಕಾಲೇಜಿಗೆ ಅಂತ ಲ್ಯಾಪ್‌ಟಾಪ್ ತಗೊಂಡವರಿಗೆ ಇದು ಸಣ್ಣದಲ್ಲ. ಡಬ್ಬಿ ಒಡೆದು ಎರಡನೇ ದಿನ. ಬ್ರೌಸರ್ ಮುಚ್ಚಿದ್ದೀರಿ, ಆದರೂ ಆ ಪುಟದ ಅಂಚು, ಮೇಲಿನ ಮೆನು ಸಾಲು ಮಸುಕಾಗಿ ಹಾಗೇ ಕಾಣ್ತಾ ಇದೆ. ಕಣ್ಣಿನ ದೋಷವೋ, ಸ್ಕ್ರೀನಿನ ದೋಷವೋ ಅಂತ ಗೊತ್ತಾಗಲ್ಲ. ಅಂಗಡಿಯವರನ್ನ ಕೇಳಿದ್ರೆ, ‘ಅಪ್‌ಡೇಟ್ ಹಾಕಿ ನೋಡಿ ಸರ್, ಸರಿಹೋಗುತ್ತೆ’ ಅಂತಾರೆ. ಅಪ್‌ಡೇಟ್ ಹಾಕ್ತಾ ಹಾಕ್ತಾ ವಾರ ಕಳೆಯುತ್ತೆ. ಕೆಲವು ಆನ್‌ಲೈನ್ ಮಳಿಗೆಗಳಲ್ಲಿ ಬದಲಿ ಕೊಡೋದಕ್ಕೆ ಇರೋದೇ ಏಳು ದಿನ. ಹಾಗಾಗಿ ಇಲ್ಲಿ ಮೊದಲು ಬೇಕಾಗಿರೋದು ರಿಪೇರಿ ಅಲ್ಲ, ನೆರಳು ಯಾವ ಜಾತಿಯದು ಅಂತ ಬೇಗ ಪತ್ತೆ ಮಾಡೋದು.

ಯಾಕಂದ್ರೆ ‘ಘೋಸ್ಟ್ ಇಮೇಜ್’ ಅನ್ನೋ ಒಂದೇ ಹೆಸರಲ್ಲಿ ಜನ ಬೇರೆ ಬೇರೆ ತೊಂದರೆಗಳನ್ನ ಹೇಳ್ತಾರೆ.

ನೆರಳು ಕಂಡ ಕೂಡಲೇ ಒಂದು ಸ್ಕ್ರೀನ್‌ಶಾಟ್ ತೆಗೀರಿ, ಅದನ್ನ ನಿಮ್ಮ ಫೋನಿಗೆ ಕಳಿಸಿ ಅಲ್ಲಿ ನೋಡಿ. ಫೋನಲ್ಲೂ ನೆರಳು ಕಂಡ್ರೆ ತಪ್ಪು ಸ್ಕ್ರೀನಿನದ್ದಲ್ಲ. ಗ್ರಾಫಿಕ್ಸ್ ಡ್ರೈವರೋ, ಯಾವುದೋ ಆ್ಯಪ್ಪೋ ಗಲಾಟೆ ಮಾಡ್ತಾ ಇದೆ. ಆಗ ಅಪ್‌ಡೇಟ್ ಹಾಕೋದ್ರಲ್ಲಿ ಅರ್ಥ ಇದೆ. ಫೋನಲ್ಲಿ ಚಿತ್ರ ಶುಭ್ರವಾಗಿದ್ರೆ ಅನುಮಾನ ಸ್ಕ್ರೀನ್ ಕಡೆ ತಿರುಗುತ್ತೆ. ಇನ್ನೂ ಖಚಿತ ಆಗಬೇಕು ಅಂದ್ರೆ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ ಬಯೋಸ್ ಸೆಟಪ್‌ಗೆ ಹೋಗಿ. ಅಲ್ಲಿ ವಿಂಡೋಸ್ ಇನ್ನೂ ಎದ್ದೇ ಇರಲ್ಲ. ಅಲ್ಲೂ ಹಳೇ ಪುಟದ ಗೆರೆ ಕಂಡ್ರೆ ಡ್ರೈವರ್ ಕಥೆ ಅಲ್ಲಿಗೆ ಮುಗೀತು.

ಇದಕ್ಕೊಂದು ಅಪವಾದ ಇದೆ. ‘ಪ್ಯಾನೆಲ್ ಸೆಲ್ಫ್ ರಿಫ್ರೆಶ್’ ಅಂತ ಬ್ಯಾಟರಿ ಉಳಿಸೋ ವ್ಯವಸ್ಥೆ. ಚಿತ್ರ ಬದಲಾಗದೇ ಇದ್ದಾಗ, ಸ್ಕ್ರೀನ್ ತನ್ನ ಹತ್ತಿರ ಇಟ್ಕೊಂಡಿರೋ ಹಳೇ ಚಿತ್ರವನ್ನೇ ತೋರಿಸ್ತಾ ಇರುತ್ತೆ. ಅದು ಎಡವಿದ್ರೆ ಹಳೇ ತುಣುಕು ಉಳಿದುಬಿಡುತ್ತೆ, ಸ್ಕ್ರೀನ್‌ಶಾಟಲ್ಲಿ ಮಾತ್ರ ಬರಲ್ಲ. ವ್ಯತ್ಯಾಸ ಗುರುತಿಸೋದು ಸುಲಭ: ಈ ತುಣುಕು ಮಸುಕಾಗಿರಲ್ಲ, ಸ್ಪಷ್ಟವಾಗಿರುತ್ತೆ, ಅದರ ಮೇಲೆ ಇನ್ನೊಂದು ವಿಂಡೋ ಎಳೆದ ತಕ್ಷಣ ಮಾಯ. ಇಂಟೆಲ್ ಗ್ರಾಫಿಕ್ಸ್ ಇರೋ ಲ್ಯಾಪ್‌ಟಾಪ್‌ಗಳಲ್ಲಿ ಅವರದೇ ಗ್ರಾಫಿಕ್ಸ್ ಆ್ಯಪ್‌ನ ಪವರ್ ವಿಭಾಗದಲ್ಲಿ ಇದನ್ನ ಆಫ್ ಮಾಡಿ ನೋಡಬಹುದು.

ಇನ್ನು ಚಲಿಸುವಾಗ ಮಾತ್ರ ಕಾಣೋ ಬಾಲ. ಪುಟ ಜಾರಿಸಿದಾಗ ಅಕ್ಷರದ ಹಿಂದೆ ನೆರಳು ಓಡುತ್ತೆ, ನಿಲ್ಲಿಸಿದ್ರೆ ಇಲ್ಲ. 60 ಹರ್ಟ್ಸ್ ಸ್ಕ್ರೀನ್ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ತೋರಿಸುತ್ತೆ. ಆದರೆ ಕಡಿಮೆ ಬೆಲೆಯ ಪ್ಯಾನೆಲ್‌ನ ಪಿಕ್ಸೆಲ್‌ಗೆ ಬಣ್ಣ ಬದಲಿಸೋಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಹಿಂದಿನ ಚಿತ್ರ ಪೂರ್ತಿ ಹೋಗೋ ಮೊದಲೇ ಮುಂದಿನದು ಬಂದುಬಿಡುತ್ತೆ. ಇದು ಕೆಟ್ಟಿರೋದಲ್ಲ, ನಿಧಾನ ಅಷ್ಟೇ. ಬದಲಿಸಿ ಅದೇ ಮಾಡೆಲ್ ತಂದ್ರೂ ಹೀಗೇ ಇರೋ ಸಾಧ್ಯತೆ ಹೆಚ್ಚು. ಮೌಸ್ ಬಾಣಕ್ಕೆ ಮಾತ್ರ ಬಾಲ ಇದ್ರೆ, ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ ‘ಪಾಯಿಂಟರ್ ಟ್ರೇಲ್ಸ್’ ಆನ್ ಆಗಿದೆಯಾ ನೋಡಿ. ನಗಬೇಡಿ, ಎಷ್ಟೋ ಸಲ ಅದೇ ಆಗಿರುತ್ತೆ.

ಈಗ ನಿಜವಾದ ತಲೆನೋವಿಗೆ ಬರೋಣ. ನಿಂತಲ್ಲೇ ನಿಲ್ಲೋ, ನಿಧಾನಕ್ಕೆ ಮಾಸೋ ನೆರಳು. ಇದಕ್ಕೆ ‘ಇಮೇಜ್ ರಿಟೆನ್ಷನ್’ ಅಂತಾರೆ. ಎಲ್‌ಸಿಡಿ ಸ್ಕ್ರೀನ್ ಒಳಗೆ ದ್ರವ ಹರಳುಗಳ ತೆಳು ಪದರ ಇದೆ. ವಿದ್ಯುತ್ ಕೊಟ್ಟಾಗ ಆ ಅಣುಗಳು ತಿರುಗಿ, ಬೆಳಕನ್ನ ಬಿಡ್ತಾವೆ ಇಲ್ಲಾ ತಡೀತಾವೆ. ಒಂದೇ ದಿಕ್ಕಲ್ಲಿ ವಿದ್ಯುತ್ ಕೊಡ್ತಾ ಹೋದ್ರೆ ಪದರ ಹಾಳಾಗುತ್ತೆ. ಅದಕ್ಕೇ ದಿಕ್ಕನ್ನ ಆಗಾಗ, ಸಾಮಾನ್ಯವಾಗಿ ಪ್ರತಿ ಚಿತ್ರಕ್ಕೊಮ್ಮೆ, ಅದಲು ಬದಲು ಮಾಡ್ತಾ ಇರ್ತಾರೆ. ಈ ಅದಲು ಬದಲು ಸರಿಸಮ ಆಗದೆ ಒಂದು ಕಡೆಗೆ ಚೂರು ವಾಲಿದ್ರೂ, ಪದರದಲ್ಲಿರೋ ವಿದ್ಯುದಂಶ ಹೊತ್ತ ಕಲ್ಮಶದ ಕಣಗಳು ಒಂದು ಬದಿಗೆ ಹೋಗಿ ಕೂರ್ತಾವೆ. ಮಜ್ಜಿಗೆ ಕಲಕ್ತಾ ಇದ್ರೆ ತಳ ಹಿಡಿಯಲ್ಲ, ಸುಮ್ನೆ ಬಿಟ್ರೆ ಗಟ್ಟಿ ಕೆಳಗೆ ಇಳಿಯುತ್ತಲ್ಲ, ಹೆಚ್ಚು ಕಡಿಮೆ ಹಾಗೆ. ಚಿತ್ರ ಬದಲಾದ ಮೇಲೂ ಆ ಕಣಗಳು ಅಣುಗಳನ್ನ ಸ್ವಲ್ಪ ತಿರುಗಿಸೇ ಇಟ್ಟಿರ್ತಾವೆ. ಕಣ್ಣಿಗೆ ಅದೇ ನೆರಳು.

ಇದು ಸಾಮಾನ್ಯವಾಗಿ ಶಾಶ್ವತ ಅಲ್ಲ. ಸ್ಕ್ರೀನ್ ಆಫ್ ಮಾಡಿಟ್ರೆ, ಚಲಿಸೋ ಚಿತ್ರ ಓಡಿಸಿದ್ರೆ ಮಾಸುತ್ತೆ. ಆದರೆ ಆ ಪ್ಯಾನೆಲ್‌ನ ಗುಣ ಬದಲಾಗಲ್ಲ; ನಾಳೆ ಮತ್ತೆ ಬರುತ್ತೆ. 2012ರಲ್ಲಿ ಆಪಲ್ ಕಂಪನಿ ರೆಟಿನಾ ಮ್ಯಾಕ್‌ಬುಕ್ ಪ್ರೊ ತಂದಾಗ ಇದೇ ದೂರು ಎದ್ದಿತ್ತು. ಒಂದೇ ಮಾಡೆಲ್‌ಗೆ ಎಲ್‌ಜಿ, ಸ್ಯಾಮ್‌ಸಂಗ್ ಎರಡೂ ಕಂಪನಿಗಳ ಪ್ಯಾನೆಲ್ ಬರ್ತಿತ್ತು. ದೂರುಗಳು ಹೆಚ್ಚಾಗಿ ಎಲ್‌ಜಿ ಪ್ಯಾನೆಲ್ ಇದ್ದವರಿಂದ. 2013ರಲ್ಲಿ ಅಮೆರಿಕದಲ್ಲಿ ಮೊಕದ್ದಮೆಯೂ ಆಯ್ತು. ಇದರಲ್ಲಿ ನಮಗೆ ಬೇಕಾದ ಅಂಶ ಏನಂದ್ರೆ, ಮಾಡೆಲ್ ಒಂದೇ ಆದರೂ ಒಳಗಿನ ಪ್ಯಾನೆಲ್ ಬೇರೆ ಇರಬಹುದು. ಬದಲಿ ಕೇಳೋದು ವ್ಯರ್ಥ ಅಲ್ಲ.

ಪರೀಕ್ಷೆ ಹೀಗೆ ಮಾಡಿ. ಚದುರಂಗದ ಮಣೆಯಂಥ ಕಪ್ಪು-ಬಿಳಿ ಚಿತ್ರವನ್ನ ಪೂರ್ತಿ ಸ್ಕ್ರೀನಿಗೆ ಹಾಕಿ ಹತ್ತು ನಿಮಿಷ ಬಿಡಿ. ಆಮೇಲೆ ಪೂರ್ತಿ ಬೂದು ಬಣ್ಣ ಹಾಕಿ. ಬೂದು ಯಾಕೆ ಅಂದ್ರೆ, ಅಚ್ಚ ಕಪ್ಪು, ಅಚ್ಚ ಬಿಳಿಯಲ್ಲಿ ಇಂಥ ಸಣ್ಣ ವ್ಯತ್ಯಾಸ ಅಡಗಿಬಿಡುತ್ತೆ. ಹತ್ತೇ ನಿಮಿಷಕ್ಕೆ ಮನೆಗಳು ಎದ್ದು ಕಂಡ್ರೆ, ಹೊಸ ಲ್ಯಾಪ್‌ಟಾಪ್‌ನಲ್ಲಿ ಅದನ್ನ ಒಪ್ಕೋಬೇಡಿ ಅನ್ನೋದು ನನ್ನ ಅಭಿಪ್ರಾಯ. ‘ಐಪಿಎಸ್‌ನಲ್ಲಿ ಇದೆಲ್ಲ ನಾರ್ಮಲ್’ ಅಂತಾರೆ. ಇಡೀ ದಿನ ಒಂದೇ ಚಿತ್ರ ಇಟ್ಟಾಗ ಬಂದ್ರೆ ಆ ಮಾತಲ್ಲಿ ಸ್ವಲ್ಪ ಹುರುಳಿದೆ. ಹತ್ತು ನಿಮಿಷಕ್ಕೆ ಬಂದ್ರೆ ಇಲ್ಲ. ಅಂದಹಾಗೆ, ಬಣ್ಣ ಬಣ್ಣವಾಗಿ ಮಿಣಮಿಣ ಮಾಡೋ ‘ಪಿಕ್ಸೆಲ್ ಫಿಕ್ಸ್’ ವಿಡಿಯೊಗಳು ಸಿಕ್ಕಿಹಾಕಿಕೊಂಡ ಪಿಕ್ಸೆಲ್‌ಗೆ ಅಂತ ಇರೋದು, ಇದಕ್ಕಲ್ಲ. ಮೂರ್ಛೆ ರೋಗ ಇರೋರು ಅವನ್ನ ನೋಡ್ಲೇಬಾರದು.

ಓಲೆಡ್ ಸ್ಕ್ರೀನ್ ಕಥೆಯೇ ಬೇರೆ. ಅಲ್ಲಿ ಪ್ರತಿ ಪಿಕ್ಸೆಲ್ ತಾನೇ ಉರಿಯುತ್ತೆ, ಉರಿದಷ್ಟೂ ಸವೆಯುತ್ತೆ, ನೀಲಿ ಬೇಗ ಸವೆಯುತ್ತೆ. ಟಾಸ್ಕ್‌ಬಾರ್ ಜಾಗ ತಿಂಗಳುಗಟ್ಟಲೆ ಉರಿದ್ರೆ ಗುರುತು ಉಳಿಯುತ್ತೆ, ಅದು ವಾಪಸ್ ಹೋಗಲ್ಲ. ಆದರೆ ಸವೆಯೋಕೆ ಕಾಲ ಬೇಕಲ್ವಾ? ಹೊಸದು ಅಂತ ಬಂದ ಓಲೆಡ್ ಲ್ಯಾಪ್‌ಟಾಪ್‌ನಲ್ಲಿ ಮೊದಲ ದಿನವೇ ಮಾಸದ ಗುರುತು ಇದ್ರೆ, ಅದು ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದೋ, ಯಾರೋ ಬಳಸಿ ಹಿಂದಿರುಗಿಸಿದ್ದೋ ಇರಬಹುದು ಅಂತ ಅನುಮಾನ ಪಡಿ. ಸೀರಿಯಲ್ ನಂಬರ್ ಹಾಕಿ ಕಂಪನಿಯ ವೆಬ್‌ಸೈಟ್‌ನಲ್ಲಿ ವಾರಂಟಿ ಯಾವತ್ತು ಶುರುವಾಗಿದೆ ಅಂತ ನೋಡಿ.

ದೋಷ ಖಚಿತ ಆಯ್ತು ಅಂದ್ರೆ ಫೋನಲ್ಲಿ ವಿಡಿಯೊ ಮಾಡಿ: ಮೊದಲು ಸೀರಿಯಲ್ ನಂಬರ್, ಆಮೇಲೆ ಚದುರಂಗದ ಚಿತ್ರ, ಆಮೇಲೆ ಬೂದು. ಕತ್ತಲೆ ಕೋಣೆ ಆದ್ರೆ ಒಳ್ಳೇದು, ಟ್ಯೂಬ್‌ಲೈಟ್ ಪ್ರತಿಬಿಂಬ ಬರಲ್ಲ. ಬದಲಿ ಅವಧಿಯೊಳಗೇ ಬರಹದಲ್ಲಿ ದೂರು ಕೊಡಿ. ಕರೆ ಮಾಡಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ ಅಂದ್ಕೊಳ್ಳಿ. ಅವಧಿ ಮೀರಿದ್ರೆ ವಾರಂಟಿಯಲ್ಲಿ ಪ್ಯಾನೆಲ್ ಬದಲಿಸಿ ಅಂತ ಕೇಳಿ. ಸರ್ವಿಸ್ ಸೆಂಟರ್‌ನವರು ‘ನಾರ್ಮಲ್’ ಅಂದ್ರೆ ಜಗಳ ಬೇಡ, ಅದನ್ನೇ ಜಾಬ್‌ಶೀಟ್ ಮೇಲೆ ಬರೆದುಕೊಡಿ ಅನ್ನಿ. ಆ ಹಾಳೆ, ಬಿಲ್ಲು, ವಿಡಿಯೊ ಮೂರೂ ಕೈಲಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸೋದು ಸಲೀಸು. ಅಲ್ಲೂ ಬಗೆಹರಿಯದಿದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಐದು ಲಕ್ಷದವರೆಗಿನ ಖರೀದಿಗೆ ಅಲ್ಲಿ ದೂರು ಶುಲ್ಕ ಇಲ್ಲ.