ನೆಲದಡಿಯ ಗುಟ್ಟು ಹೇಳಿದ ಹಸಿರು ಬಣ್ಣ

ಹರಿಯುವ ನದಿ ಹಾಡುಹಗಲೇ ಮಾಯವಾದರೆ ಯಾರನ್ನು ಕೇಳುವುದು? ಜರ್ಮನಿಯ ಇಮ್ಮೆಂಡಿಂಗೆನ್ ಊರಿನ ಬಳಿ ಡಾನ್ಯೂಬ್ ನದಿಯ ಗತಿ ಇದೇ. ಬೇಸಗೆಯಲ್ಲಿ ಅದರ ನೀರೆಲ್ಲ ಸುಣ್ಣಕಲ್ಲಿನ ಬಿರುಕುಗಳೊಳಗೆ ಇಂಗಿ, ಪಾತ್ರ ಬರಿದಾಗುತ್ತದೆ. ಅಲ್ಲಿಂದ ಸುಮಾರು ೧೨ ಕಿಲೋಮೀಟರ್ ದೂರದಲ್ಲಿ ಆಖ್ ಹೊಳೆಯ ಬುಗ್ಗೆ ಉಕ್ಕುತ್ತದೆ. ಇಲ್ಲಿ ಇಂಗಿದ್ದೇ ಅಲ್ಲಿ ಉಕ್ಕುವುದೆಂಬ ಶಂಕೆ ಜನರಲ್ಲಿ ಬಹುಕಾಲದಿಂದ ಇದ್ದಿತು.

ಶಂಕೆ ವ್ಯಾಜ್ಯಕ್ಕೆ ತಿರುಗಿತು. ಡಾನ್ಯೂಬ್ ದಂಡೆಯವರು ಬಿರುಕುಗಳನ್ನು ಮುಚ್ಚಬಯಸಿದರು. ಆಖ್ ಹೊಳೆಯನ್ನು ನಂಬಿ ಯಂತ್ರ ನಡೆಸುತ್ತಿದ್ದವರು ವಿರೋಧಿಸಿದರು. ಇಬ್ಬರ ಅನ್ನವೂ ಒಂದೇ ನೀರಿನಲ್ಲಿದ್ದಿತು. ಆದರೆ ಒಂದೇ ನೀರೆಂಬುದಕ್ಕೆ ಸಾಕ್ಷಿಯೆಲ್ಲಿ?

೧೮೭೭ರ ಅಕ್ಟೋಬರಿನಲ್ಲಿ ಭೂವಿಜ್ಞಾನಿ ಅಡಾಲ್ಫ್ ಕ್ನಾಪ್ ಆ ಸಾಕ್ಷ್ಯವನ್ನು ನೀರಿನ ಬಾಯಿಂದಲೇ ಹೇಳಿಸಿದನು. ೨೦ ಟನ್ ಉಪ್ಪು, ೧,೨೦೦ ಕಿಲೋ ಕಲ್ಲೆಣ್ಣೆ, ೧೦ ಕಿಲೋ ಫ್ಲೂರೊಸೀನ್ ಬಣ್ಣ—ಇವು ಇಂಗುವ ನೀರನ್ನು ಸೇರಿದವು. ಈ ಬಣ್ಣವನ್ನು ಅಡಾಲ್ಫ್ ಬೇಯರ್ ಎಂಬ ರಸಾಯನಶಾಸ್ತ್ರಜ್ಞನು ೧೮೭೧ರಲ್ಲಷ್ಟೇ ತಯಾರಿಸಿದ್ದನು. ಸುಮಾರು ೬೦ ಗಂಟೆಗಳ ತರುವಾಯ ಆಖ್ ಬುಗ್ಗೆ ಹಸಿರಾಗಿ ಹೊಳೆಯಿತು. ನೀರು ಉಪ್ಪುಪ್ಪಾಗಿ, ಡಾಂಬರಿನಂಥ ರುಚಿಯನ್ನೂ ಪಡೆದಿತ್ತು. ಕಪ್ಪು ಸಮುದ್ರಕ್ಕೆ ಹೊರಟ ನೀರು ನೆಲದಡಿ ದಾರಿ ಬದಲಿಸಿ, ರೈನ್ ನದಿಯನ್ನು ಕೂಡಿ ಉತ್ತರ ಸಮುದ್ರಕ್ಕೆ ಸಾಗುವುದು ಸಿದ್ಧವಾಯಿತು.

ಈ ಬಣ್ಣ ನೀಲಿ ಬೆಳಕನ್ನು ಹೀರಿ ಹಸಿರು ಬೆಳಕನ್ನು ಸೂಸುತ್ತದೆ. ನೂರು ಕೋಟಿ ಪಾಲು ನೀರಿನಲ್ಲಿ ಒಂದು ಪಾಲಿಗಿಂತ ಕಡಮೆಯಿದ್ದು ಕಣ್ಣಿಗೆ ಕಾಣದಾದಾಗಲೂ ಉಪಕರಣ ಅದನ್ನು ಗುರುತಿಸಬಲ್ಲುದು. ಬುಗ್ಗೆಯಲ್ಲಿ ಇದ್ದಿಲಿನ ಪೊಟ್ಟಣ ತೂಗಬಿಟ್ಟರೆ, ಹಾದುಹೋದ ಬಣ್ಣವನ್ನು ಅದು ಹಿಡಿದಿಡುತ್ತದೆ.

ಇಂದು ಈ ಉಪಾಯಕ್ಕೆ ಇನ್ನೂ ಗಂಭೀರವಾದ ಕೆಲಸವಿದೆ. ಲೋಹದ ಜಿಡ್ಡು ತೆಗೆಯುವ ಟ್ರೈಕ್ಲೋರೊಎಥಿಲೀನ್ ದ್ರಾವಕಕ್ಕೆ ಬಣ್ಣವಿಲ್ಲ. ಅದು ನೀರಿಗಿಂತ ಭಾರ, ಕ್ಯಾನ್ಸರಿಗೂ ಕಾರಣ. ನೆಲಕ್ಕೆ ಚೆಲ್ಲಿದರೆ ಅಂತರ್ಜಲದ ಅಡಿಗಿಳಿದು, ವರ್ಷಗಟ್ಟಲೆ ಕರಗುತ್ತಿರುತ್ತದೆ. ಅದು ಯಾವ ಬಾವಿಯನ್ನು ಮುಟ್ಟೀತು? ಚೆಲ್ಲಿದ ಎಡೆಯಲ್ಲಿ ಬಣ್ಣವಿಳಿಸಿ ಸುತ್ತಣ ಬಾವಿಗಳನ್ನು ಕಾದರೆ ನೀರಿನ ದಾರಿ, ಅದರೊಡನೆ ಕರಗಿದ ವಿಷದ ದಾರಿ ತಿಳಿಯುತ್ತದೆ. ಆದರೆ ಕರಗದೆ ಉಳಿದ ದ್ರಾವಕ ತನ್ನ ಭಾರದಿಂದ ಬೇರೆಡೆಗೂ ಜಾರೀತು. ಅದನ್ನು ಹುಡುಕಲು ನೀರಿನಲ್ಲಿ ಕರಗದ, ದ್ರಾವಕದಲ್ಲಿ ಕರಗುವ ಸೂಡಾನ್ ಎಂಬ ಕೆಂಪು ಬಣ್ಣವುಂಟು. ತೋಡಿ ತೆಗೆದ ಮಣ್ಣನ್ನು ನೀರು ಮತ್ತು ಆ ಬಣ್ಣದೊಡನೆ ಕುಲುಕಿದಾಗ ಕೆಂಪು ಹನಿಗಳು ಮೂಡಿದರೆ, ವಿಷದ ಬೀಡು ಅಲ್ಲೇ ಎಂದರ್ಥ.

ಒಬ್ಬರ ಅಂಗಳದಲ್ಲಿ ಚೆಲ್ಲಿದ್ದು ಇನ್ನೊಬ್ಬರ ಬಾವಿಯಲ್ಲಿ ಎದ್ದೀತೆಂಬ ಎಚ್ಚರವನ್ನು ಇಮ್ಮೆಂಡಿಂಗೆನ್ನಿನ ಹಸಿರು ನೀರು ಅಂದೇ ಕೊಟ್ಟಿತ್ತು.