ಸ್ಟ್ರೋಕ್ ಚಿಕಿತ್ಸೆಯ ಫಲವನ್ನು ಕಂಪ್ಯೂಟರ್ ಮೊದಲೇ ಹೇಳಬಲ್ಲದೇ?

ಮೆದುಳಿನ ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡರೆ, ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಹೌದು, ಒಂದೇ ನಿಮಿಷಕ್ಕೆ!

ಇಂಥ ಸ್ಟ್ರೋಕ್‌ಗೆ ಚಿಕಿತ್ಸೆ ಇದೆ. ತೊಡೆಸಂದಿಯ ರಕ್ತನಾಳದೊಳಗೆ ತೆಳುವಾದ ಕೊಳವೆ ತೂರಿಸಿ, ಮೆದುಳಿನವರೆಗೂ ಒಯ್ದು, ಅಲ್ಲಿ ಪುಟ್ಟ ಲೋಹದ ಜಾಲರಿ ಬಿಡಿಸುತ್ತಾರೆ. ರಕ್ತದ ಗರಣೆ ಅದಕ್ಕೆ ಸಿಕ್ಕಿಕೊಂಡ ಮೇಲೆ ಮೆಲ್ಲಗೆ ಹೊರಗೆಳೆಯುತ್ತಾರೆ. ಇದೇ ಥ್ರಾಂಬೆಕ್ಟಮಿ. 2015ರಲ್ಲಿ ಪ್ರಕಟವಾದ ಐದು ಪ್ರಯೋಗಗಳು ಇದರ ಲಾಭವನ್ನು ಸಾಬೀತುಪಡಿಸಿದವು.

ಆದರೆ ನಾಳ ತೆರೆದುಕೊಂಡರೂ ಎಲ್ಲರೂ ಚೇತರಿಸಿಕೊಳ್ಳುವುದಿಲ್ಲ. 90 ದಿನಗಳ ನಂತರ ಯಾರು ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ?

ಇಲ್ಲಿ ಮಷೀನ್ ಲರ್ನಿಂಗ್ ಬರುತ್ತದೆ. ವಯಸ್ಸು, ಸ್ಟ್ರೋಕ್ ತೀವ್ರತೆ, ರಕ್ತದ ಸಕ್ಕರೆ, ಸಿಟಿ ಸ್ಕ್ಯಾನ್, ಕಳೆದುಹೋದ ಸಮಯ... ಹಿಂದಿನ ರೋಗಿಗಳ ಈ ವಿವರಗಳಿಂದ ಕಲಿತು, ಹೊಸ ರೋಗಿ ಚೇತರಿಸಿಕೊಳ್ಳುವ ಸಾಧ್ಯತೆ ಎಷ್ಟೆಂದು ಲೆಕ್ಕ ಹಾಕುತ್ತದೆ.

ಅದು ಎಷ್ಟು ನಿಖರ? 2018ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು 1,383 ರೋಗಿಗಳ ದಾಖಲೆಗಳ ಮೇಲೆ ಪರೀಕ್ಷಿಸಿದರು. ಹಳೆಯ ಸಂಖ್ಯಾಶಾಸ್ತ್ರದ ವಿಧಾನವನ್ನು ಮಷೀನ್ ಲರ್ನಿಂಗ್ ಮೀರಿಸಲಿಲ್ಲ! ಈಗ ವಯಸ್ಸು, ಸಕ್ಕರೆಯಂಥ ಅಂಕಿಗಳ ಜೊತೆಗೆ, ಸ್ಕ್ಯಾನ್ ಚಿತ್ರವನ್ನೇ ನೇರವಾಗಿ ಓದುವ ಮಾದರಿಗಳನ್ನೂ ಸಂಶೋಧಕರು ಕಟ್ಟುತ್ತಿದ್ದಾರೆ.

ನೆನಪಿಡಿ: ಒಂದು ಆಸ್ಪತ್ರೆಯ ದಾಖಲೆಯಿಂದ ಕಲಿತ ಮಾದರಿ ಇನ್ನೊಂದು ಊರಿನಲ್ಲಿ ತಪ್ಪಬಹುದು. ಸಾಧ್ಯತೆ ಕಡಿಮೆ ಎಂದು ಅದು ಹೇಳಿತೆಂದು ಯಾರಿಗೂ ಚಿಕಿತ್ಸೆ ನಿರಾಕರಿಸುವಂತಾಗಬಾರದು. ಅದು ವೈದ್ಯರಿಗೆ ನೆರವು, ತೀರ್ಪಲ್ಲ.

ಸಮಯ ಮಾತ್ರ ನಮ್ಮ ಕೈಯಲ್ಲಿದೆ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ, ಬೆಳಗಾಗಲಿ ಎಂದು ಕಾಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.