ಮಾಜಿ ಸೈನಿಕರ ತಲೆಪೆಟ್ಟು: ಸ್ಕ್ಯಾನ್ ನಾರ್ಮಲ್ ಬಂದರೂ ತೊಂದರೆ ಇರಬಹುದು, ಪತ್ತೆ ಮಾಡೋದು ಹೇಗೆ?

ಶಿವಮೊಗ್ಗ: ಬ್ಯಾಂಕ್ ಬಾಗಿಲಲ್ಲಿ ಬಂದೂಕು ಹಿಡಿದು ನಿಂತವರು, ಬಿ.ಹೆಚ್. ರಸ್ತೆಯಲ್ಲಿ ಅಂಗಡಿ ಇಟ್ಟವರು, ಭದ್ರಾವತಿಯಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದವರು. ಮಾಜಿ ಸೈನಿಕರು ನಮ್ಮ ಸುತ್ತಮುತ್ತಲೇ ಇದ್ದಾರೆ. 1987ರಿಂದ 90ರವರೆಗೆ ಶ್ರೀಲಂಕಾದಲ್ಲೋ, 1999ರಲ್ಲಿ ಕಾರ್ಗಿಲ್‌ನಲ್ಲೋ ಇದ್ದವರಿಗೆ ಗುಂಡು ತಾಗಿದ್ದರೆ ಗಾಯದ ಗುರುತು ಕಾಣತ್ತೆ. ಆದರೆ ಪಕ್ಕದಲ್ಲೇ ಶೆಲ್ ಸಿಡಿದು, ಎರಡು ನಿಮಿಷ ತಲೆ ಗಿಮ್ಮೆಂದು, ಆಮೇಲೆ ಎದ್ದು ಡ್ಯೂಟಿ ಮುಂದುವರಿಸಿದ್ದರೆ? ಅದು ಎಷ್ಟೋ ಸಲ ದಾಖಲೆಗೇ ಬಂದಿರಲ್ಲ.

ಮಿದುಳಿಗೆ ಪೆಟ್ಟಾಗಲು ಬುರುಡೆ ಒಡೆಯಲೇಬೇಕು ಅಂತಿಲ್ಲ. ಸ್ಫೋಟದ ಒತ್ತಡಕ್ಕೆ, ಗಾಡಿ ಪಲ್ಟಿಯಾದ ರಭಸಕ್ಕೆ ಮಿದುಳು ಒಳಗೇ ಅಲುಗಾಡತ್ತೆ, ಸೂಕ್ಷ್ಮ ನರತಂತುಗಳು ಎಳೆದಂತಾಗುತ್ತವೆ. ಸಣ್ಣ ಪೆಟ್ಟಾದರೆ ಸಿಟಿ ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಏನೂ ಕಾಣಲ್ಲ. ಹೆಚ್ಚಿನವರು ಕೆಲವೇ ವಾರಗಳಲ್ಲಿ ಸರಿಹೋಗುತ್ತಾರೆ. ಕೆಲವರಿಗೆ ತಲೆನೋವು, ಮರೆವು, ನಿದ್ದೆಗೇಡು, ತಲೆಸುತ್ತು, ಸಣ್ಣ ಮಾತಿಗೂ ಸಿಡಿಮಿಡಿ ವರ್ಷಗಟ್ಟಲೆ ಉಳಿಯತ್ತೆ. ಮನೆಯವರು 'ಮಿಲಿಟರಿ ಕೋಪ' ಅಂತ ಸುಮ್ಮನಾಗುತ್ತಾರೆ. ನಿಜವಾದ ತೊಂದರೆ ಅಲ್ಲೇ ಶುರು.

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಇರಾಕ್, ಅಫ್ಘಾನಿಸ್ತಾನದಿಂದ ಬಂದವರಿಗೆ 2007ರಿಂದ ಒಂದು ತಪಾಸಣೆ ಇದೆ. ಮಷೀನ್ ಏನೂ ಬೇಡ, ನಾಲ್ಕು ಹಂತದ ಪ್ರಶ್ನೆ ಅಷ್ಟೇ. ಸ್ಫೋಟ, ಅಪಘಾತ, ಬಿದ್ದದ್ದು ಇದೆಯಾ? ಆಗಲೇ ಪ್ರಜ್ಞೆ ತಪ್ಪಿತ್ತಾ, ಮಂಕು ಕವಿದಿತ್ತಾ, ನಡೆದದ್ದು ನೆನಪಿಲ್ಲವಾ? ಆಮೇಲೆ ಮರೆವು, ತಲೆನೋವು, ಕೋಪ ಶುರುವಾಯ್ತಾ, ಜಾಸ್ತಿಯಾಯ್ತಾ? ಕಳೆದ ಒಂದು ವಾರದಲ್ಲೂ ಅದು ಇದೆಯಾ? ನಾಲ್ಕಕ್ಕೂ ಹೌದು ಎಂದರೆ ತಜ್ಞರ ಬಳಿ ಕಳಿಸುತ್ತಾರೆ. ಹಾಗಂತ ಕಾಯಿಲೆ ಖಚಿತ ಅಂತಲ್ಲ. ಯುದ್ಧದ ಮಾನಸಿಕ ಆಘಾತ, ಖಿನ್ನತೆ, ನಿದ್ದೆಯಲ್ಲಿ ಉಸಿರು ಕಟ್ಟೋದು, ಇವಕ್ಕೂ ಇದೇ ಲಕ್ಷಣ. ಅದಕ್ಕೇ ಪೂರ್ತಿ ಪರೀಕ್ಷೆ ಬೇಕು.

ನಮ್ಮಲ್ಲಿ ಪಿಂಚಣಿದಾರ ಸೈನಿಕರಿಗೆ, ಅವರ ಪತ್ನಿಗೆ 2003ರಲ್ಲಿ ಶುರುವಾದ ಇಸಿಎಚ್‌ಎಸ್ ಇದೆ. ಅದರ ಪಾಲಿಕ್ಲಿನಿಕ್ ಶಿವಮೊಗ್ಗದಲ್ಲೇ ಇದೆ, ಭದ್ರಾವತಿಯವರು ಬೆಂಗಳೂರಿಗೆ ಓಡಬೇಕಿಲ್ಲ. ಹೋದವರು ಬಿಪಿ, ಶುಗರ್ ಮಾತ್ರೆ ತಗೊಂಡು ವಾಪಸ್ ಬರಬೇಡಿ. ಹಳೆ ಪೆಟ್ಟಿನ ವಿಷಯ ನೀವೇ ಬಾಯಿಬಿಟ್ಟು ಹೇಳಿ. ಹೆಂಡತಿಯನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ಮರೆವು ಇರುವವರಿಗಿಂತ ಜೊತೆಗಿರುವವರಿಗೇ ಅದು ಚೆನ್ನಾಗಿ ಗೊತ್ತಿರತ್ತೆ! ಡಿಸ್ಚಾರ್ಜ್ ಬುಕ್, ಹಳೆ ಆಸ್ಪತ್ರೆ ಚೀಟಿ ಜೊತೆಗಿರಲಿ. ಸಿಆರ್‌ಪಿಎಫ್, ಬಿಎಸ್‌ಎಫ್‌ನಿಂದ ನಿವೃತ್ತರಾದವರಿಗೆ ಇಸಿಎಚ್‌ಎಸ್ ಇಲ್ಲ. ಅವರು ಮೆಗ್ಗಾನ್ ಆಸ್ಪತ್ರೆಯಲ್ಲಿ ತೋರಿಸಬಹುದು. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಒಂದು ವಿಷಯಕ್ಕೆ ಮಾತ್ರ ಕಾಯಬೇಡಿ. ವಯಸ್ಸಾದವರು ಬಚ್ಚಲಲ್ಲಿ ಜಾರಿಯೋ, ಬೈಕಿಂದಲೋ ಬಿದ್ದು ಕೆಲವು ವಾರಗಳ ನಂತರ ಮಂಕಾದರೆ, ಒಂದು ಕಾಲು ಎಳೆದರೆ, ಮಾತು ತೊದಲಿದರೆ ಮಿದುಳಿನ ಮೇಲೆ ನಿಧಾನವಾಗಿ ರಕ್ತ ಕೂಡುತ್ತಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಅಪಾಯ ಜಾಸ್ತಿ. ಇದು ಸ್ಕ್ಯಾನ್‌ನಲ್ಲಿ ಕಾಣತ್ತೆ, ಆಪರೇಷನ್‌ನಿಂದ ವಾಸಿಯೂ ಆಗತ್ತೆ. ಹತ್ತಿರದ ಆಸ್ಪತ್ರೆಗೆ ಸೇರಿಸಿ, 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ.